ಸೆನ್ಸರ್ ಇಲ್ಲದೆ ಬ್ಲೋವರ್ ಮೋಟಾರ್ ಓಡಿಸುವುದು ಹೇಗೆ?

ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಡಾಕ್ಟರು ಬರೆದುಕೊಡುವ, ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಯಂತ್ರದೊಳಗೆ ಇರುವುದು ಗಾಳಿ ಊದುವ ಒಂದು ಪುಟ್ಟ ಬ್ಲೋವರ್. ನಿಮಿಷಕ್ಕೆ ಇಪ್ಪತ್ತು, ಮೂವತ್ತು ಸಾವಿರ ಸುತ್ತು ಇದಕ್ಕೆ ಮಾಮೂಲಿ. 1980ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಈ ಚಿಕಿತ್ಸೆ ಶುರು ಮಾಡಿದಾಗ ಬಳಸಿದ್ದು ವ್ಯಾಕ್ಯೂಮ್ ಕ್ಲೀನರ್ ಮೋಟಾರ್. ಇವತ್ತಿನದು ದಿಂಬಿನ ಪಕ್ಕದಲ್ಲಿದ್ದರೂ ಸದ್ದು ಅಷ್ಟಾಗಿ ಗೊತ್ತಾಗುವುದಿಲ್ಲ.

ಕಲಬುರಗಿಯ ಪಿಡಿಎ ಕಾಲೇಜಿನಲ್ಲೋ ಬೀದರಿನ ಗುರುನಾನಕ್ ದೇವ್ ಕಾಲೇಜಿನಲ್ಲೋ ಕೊನೆ ವರ್ಷದ ಪ್ರಾಜೆಕ್ಟ್ ಹುಡುಕುತ್ತಿರುವವರಿಗೆ ಇದು ಒಳ್ಳೆಯ ವಿಷಯ. ಒಂದೇ ಷರತ್ತು: ಇದು ಲ್ಯಾಬಿನ ಟೇಬಲ್ ಮೇಲಷ್ಟೇ. ನೀವು ಮಾಡಿದ್ದನ್ನು ಯಾರ ಮೂಗಿಗೂ ಹಾಕಬೇಡಿ, ನಿಮ್ಮದಕ್ಕೂ ಸಹ.

ಮೋಟಾರ್ ಬಿಎಲ್‌ಡಿಸಿ (ಬ್ರಷ್‌ಲೆಸ್ ಡಿಸಿ) ಜಾತಿಯದು. ನಡುವೆ ಮ್ಯಾಗ್ನೆಟ್, ಸುತ್ತ ಮೂರು ಫೇಸ್ ವೈಂಡಿಂಗ್, ಅಂದರೆ ಮೂರು ಗುಂಪು ತಂತಿ ಸುರುಳಿ. ಬ್ರಷ್ ಇಲ್ಲ. ಮ್ಯಾಗ್ನೆಟ್ ಈಗ ಎಲ್ಲಿದೆ ಎಂದು ತಿಳಿದರೆ ಮಾತ್ರ ಸರಿಯಾದ ಫೇಸ್‌ಗೆ ಕರೆಂಟ್ ಬಿಡಬಹುದು. ಅದಕ್ಕಾಗಿ ಮೂರು ಹಾಲ್ ಸೆನ್ಸರ್ ಕೂರಿಸುವ ದಾರಿ ಇದೆ. ಆದರೆ ಐದು ವೈರ್ ಜಾಸ್ತಿ, ಜಾಗ ಜಾಸ್ತಿ, ಬಿಸಿಗೂ ತೇವಕ್ಕೂ ಕೈಕೊಡುವ ಭಾಗಗಳು ಜಾಸ್ತಿ. ಇನ್ನೊಂದು ದಾರಿ, ಮೋಟಾರನ್ನೇ ಕೇಳುವುದು. ಸೈಕಲ್ ಡೈನಮೋ ತಿರುಗಿದರೆ ದೀಪ ಹತ್ತುತ್ತದಲ್ಲ, ಹಾಗೆ ತಿರುಗುವ ಮ್ಯಾಗ್ನೆಟ್ ವೈಂಡಿಂಗ್‌ನಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ಇದೇ ಬ್ಯಾಕ್ ಇಎಮ್‌ಎಫ್. ಮ್ಯಾಗ್ನೆಟ್ ಎಲ್ಲಿದೆ ಎಂಬ ಸುಳಿವು ಅದರಲ್ಲೇ ಇದೆ.

ಮೊದಲ ಹೆಜ್ಜೆ: ಮೋಟಾರ್ ಪರಿಚಯ

ಮೂರು ವೈರ್‌ಗಳಲ್ಲಿ ಯಾವುದಾದರೂ ಎರಡಕ್ಕೆ ಬೆಂಚ್ ಸಪ್ಲೈನಿಂದ ಸ್ವಲ್ಪ ಡಿಸಿ ಕರೆಂಟ್ ಕೊಡಿ. ಕರೆಂಟ್ ಲಿಮಿಟ್ ಕಡಿಮೆ ಇರಲಿ. ಶಾಫ್ಟನ್ನು ಕೈಯಿಂದ ನಿಧಾನ ತಿರುಗಿಸಿ. ಒಂದು ಸುತ್ತಿನಲ್ಲಿ ಎಷ್ಟು ಕಡೆ ಅದು ತಾನಾಗಿ ಹೋಗಿ ಕೂರುತ್ತದೋ ಮ್ಯಾಗ್ನೆಟ್‌ನಲ್ಲಿ ಅಷ್ಟು ಜೋಡಿ ಪೋಲ್ (ಉತ್ತರ-ದಕ್ಷಿಣ ಧ್ರುವ) ಇವೆ ಎಂದರ್ಥ. ಈ ಲೆಕ್ಕ ತಪ್ಪಿದರೆ ಮುಂದೆ ವೇಗದ ಲೆಕ್ಕವೆಲ್ಲ ತಪ್ಪುತ್ತದೆ.

ಎರಡನೆಯದು: ಬೋರ್ಡ್

ಕರೆಂಟ್‌ಗೆ ಸ್ವಿಚ್‌ನಂತೆ ಕೆಲಸ ಮಾಡುವ ಆರು ಮಾಸ್‌ಫೆಟ್, ಅವನ್ನು ಆನ್-ಆಫ್ ಮಾಡುವ ಗೇಟ್ ಡ್ರೈವರ್, ಕರೆಂಟ್ ಅಳೆಯಲು ಶಂಟ್, ಮೂರೂ ಫೇಸ್ ವೋಲ್ಟೇಜ್ ಓದಲು ರೆಸಿಸ್ಟರ್ ಡಿವೈಡರ್. ಸಿದ್ಧ ಬೋರ್ಡ್‌ಗಳು ಸಿಗುತ್ತವೆ, ಕೊಂಡುಬಿಡಿ. ಕಲಿಯಬೇಕಾದ್ದು ಸೋಲ್ಡರಿಂಗ್‌ನಲ್ಲಿಲ್ಲ.

ಮೂರನೆಯದು: ಸ್ಟಾರ್ಟ್

ತಲೆನೋವು ಇರುವುದು ಇಲ್ಲಿ. ನಿಂತ ಮೋಟಾರ್ ವೋಲ್ಟೇಜ್ ಹುಟ್ಟಿಸುವುದಿಲ್ಲ. ಅಂದರೆ ಅದರ ಬಾಯಿ ಬಂದ್. ಹಾಗಾಗಿ ಮೊದಲು ಒಂದು ಜೋಡಿ ಫೇಸ್‌ಗೆ ಕರೆಂಟ್ ಕೊಟ್ಟು ಮ್ಯಾಗ್ನೆಟ್ಟನ್ನು ಗೊತ್ತಾದ ಜಾಗಕ್ಕೆ ಎಳೆದು ಕೂರಿಸಬೇಕು. ಆಮೇಲೆ ಕಣ್ಣು ಮುಚ್ಚಿಕೊಂಡೇ ಫೇಸ್‌ಗಳನ್ನು ಒಂದಾದ ಮೇಲೊಂದು ಬದಲಿಸುತ್ತ ವೇಗ ಏರಿಸಬೇಕು. ಪೂರ್ಣ ವೇಗದ ಶೇ 5ರಿಂದ 10ರ ಹೊತ್ತಿಗೆ ಬ್ಯಾಕ್ ಇಎಮ್‌ಎಫ್ ಓದುವಷ್ಟು ಸಿಗುತ್ತದೆ. ಆಗ ನಿಯಂತ್ರಣವನ್ನು ಅದಕ್ಕೆ ಒಪ್ಪಿಸಬೇಕು. ಅವಸರ ಮಾಡಿ ವೇಗ ಏರಿಸಿದರೆ ಮ್ಯಾಗ್ನೆಟ್ ಹಿಂದೆ ಬೀಳುತ್ತದೆ, ಮೋಟಾರ್ ಗುರ್ ಎಂದು ನಡುಗಿ ನಿಲ್ಲುತ್ತದೆ.

ಕರೆಂಟ್ ಹೋಗಿ ತಕ್ಷಣ ಬಂದರೆ? ನಮ್ಮ ಕಡೆ ಇದು ದಿನದ ಮಾತು, ಅಲ್ವಾ. ಆಗ ಬ್ಲೋವರ್ ಇನ್ನೂ ತಿರುಗುತ್ತಿರುತ್ತದೆ. ತಿರುಗುವ ಮ್ಯಾಗ್ನೆಟ್ಟನ್ನು ಎಳೆದು ಕೂರಿಸಲು ಹೋದರೆ ಜೋರು ಕರೆಂಟ್ ಹರಿದು ಬೋರ್ಡಿಗೆ ಏಟು ಬೀಳುತ್ತದೆ. ಸ್ಟಾರ್ಟ್‌ಗೆ ಮುಂಚೆ ಮೂರೂ ಫೇಸ್ ವೋಲ್ಟೇಜ್ ಓದಿ. ತಿರುಗುತ್ತಿದ್ದರೆ ಅದೇ ವೇಗದಲ್ಲೇ ಹಿಡಿದುಕೊಳ್ಳಿ.

ನಾಲ್ಕನೆಯದು: ಓಟ

ಯಾವ ಗಳಿಗೆಯಲ್ಲೂ ಎರಡು ಫೇಸ್‌ಗಳಲ್ಲಿ ಕರೆಂಟ್, ಮೂರನೆಯದು ಖಾಲಿ. ಆ ಖಾಲಿ ಫೇಸ್‌ನ ವೋಲ್ಟೇಜ್ ಸಪ್ಲೈನ ಅರ್ಧವನ್ನು ದಾಟುವ ಕ್ಷಣ ಹಿಡಿಯಿರಿ. ಅಲ್ಲಿಂದ 30 ಡಿಗ್ರಿ, ಅಂದರೆ ಅರ್ಧ ಹಂತ, ಕಳೆದ ಮೇಲೆ ಫೇಸ್ ಬದಲಿಸಿ (ಇದು ಎಲೆಕ್ಟ್ರಿಕಲ್ ಡಿಗ್ರಿ: ಒಂದು ಜೋಡಿ ಪೋಲ್ ದಾಟಿದರೆ 360, ಅದರಲ್ಲಿ ಆರು ಹಂತ). ಹೇಳಲು ಸುಲಭ. ಎರಡು ಜೋಡಿ ಪೋಲ್‌ನ ಮೋಟಾರ್ 30,000 ಸುತ್ತಿನಲ್ಲಿದ್ದರೆ ಒಂದು ಹಂತಕ್ಕೆ ಸಿಗುವುದು 167 ಮೈಕ್ರೋಸೆಕೆಂಡ್ ಮಾತ್ರ. ಪಿಡಬ್ಲ್ಯುಎಂ (ಮಾಸ್‌ಫೆಟ್‌ಗಳನ್ನು ಸರಸರನೆ ಆನ್-ಆಫ್ ಮಾಡಿ ವೋಲ್ಟೇಜ್ ಹದ ಮಾಡುವ ವಿಧಾನ) 20 ಕಿಲೋಹರ್ಟ್ಸ್ ಇದ್ದು ಪ್ರತಿ ಸಲಕ್ಕೆ ಒಮ್ಮೆ ಓದಿದರೆ 50 ಮೈಕ್ರೋಸೆಕೆಂಡ್ ತನಕ ತಡವಾಗಬಹುದು. ಅದು 18 ಡಿಗ್ರಿ! ಪಿಡಬ್ಲ್ಯುಎಂ ವೇಗ ಹೆಚ್ಚಿಸಿ, ಇಲ್ಲವೇ ಎರಡು ವೋಲ್ಟೇಜ್‌ಗಳನ್ನು ತಕ್ಷಣ ಹೋಲಿಸಿ ಹೇಳುವ ಕಂಪ್ಯಾರೇಟರ್ ಬಳಸಿ. ಫೇಸ್ ಬದಲಾದ ಕೂಡಲೇ ಬರುವ ವೋಲ್ಟೇಜ್ ಮುಳ್ಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸದ್ದು ಕಡಿಮೆ ಬೇಕಾದವರು ಆಮೇಲೆ ಮೂರೂ ಫೇಸ್‌ಗೆ ಸೈನ್ ಅಲೆಯ ಕರೆಂಟ್ ಕೊಡುವ ಎಫ್‌ಒಸಿ (ಫೀಲ್ಡ್ ಓರಿಯೆಂಟೆಡ್ ಕಂಟ್ರೋಲ್) ವಿಧಾನಕ್ಕೆ ಹೋಗಲಿ. ಮೊದಲ ದಿನವೇ ಬೇಡ.

ಐದನೆಯದು: ಉಸಿರಿನ ಒತ್ತಡ

ಮ್ಯಾಗ್ನೆಟ್ ಹುಡುಕುವ ಸೆನ್ಸರ್ ತೆಗೆಯಬಹುದು, ಗಾಳಿಯ ಒತ್ತಡದ ಸೆನ್ಸರ್ ತೆಗೆಯುವಂತಿಲ್ಲ. ಬ್ಲೋವರ್ ಕೊಡುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸಿಪ್ಯಾಪ್‌ನ ಮಾಮೂಲಿ ವ್ಯಾಪ್ತಿ 4ರಿಂದ 20 ಸೆಂಟಿಮೀಟರ್ ನೀರು. ಒತ್ತಡ ಐದು ಪಟ್ಟಾದರೂ ವೇಗ ಸುಮಾರು ಎರಡೂಕಾಲು ಪಟ್ಟು ಅಷ್ಟೇ. ಅಂದರೆ ರಾತ್ರಿಯಿಡೀ ಮೋಟಾರ್ ನಿಧಾನದ ಕುರುಡು ಪ್ರದೇಶಕ್ಕೆ ಇಳಿಯುವುದೇ ಇಲ್ಲ. ಸೆನ್ಸರ್ ಇಲ್ಲದ ವಿಧಾನ ಇಲ್ಲಿ ಹೊಂದುವುದು ಅದಕ್ಕೇ. ಐಸಿಯು ವೆಂಟಿಲೇಟರ್ ಕಥೆ ಬೇರೆ. ಪ್ರತಿ ಉಸಿರಿಗೂ ಜೋರಾಗಿ ಓಡಿ ಗಕ್ಕನೆ ಬ್ರೇಕ್ ಹಾಕಬೇಕು. ಬ್ರೇಕ್ ಹಾಕಿದಾಗ ಮೋಟಾರ್ ಕರೆಂಟನ್ನು ವಾಪಸ್ ತಳ್ಳುತ್ತದೆ. ಸಾಮಾನ್ಯ ಅಡಾಪ್ಟರ್ ಅದನ್ನು ನುಂಗುವುದಿಲ್ಲ, ಬೋರ್ಡಿನ ವೋಲ್ಟೇಜ್ ಏರುತ್ತದೆ. ಅದನ್ನು ಹೀರಿಕೊಳ್ಳುವ ಬ್ರೇಕ್ ರೆಸಿಸ್ಟರ್ ಇಲ್ಲದಿದ್ದರೆ ಮಾಸ್‌ಫೆಟ್ ಸುಡಬಹುದು. ಮೊದಲ ಪ್ರಾಜೆಕ್ಟಿಗೆ ಸಿಪ್ಯಾಪ್ ತರಹದ್ದೇ ಸಾಕು ಎನ್ನುವುದು ನನ್ನ ಸಲಹೆ.

ಅಳೆಯಲು ದುಬಾರಿ ಮೀಟರ್ ಬೇಕಿಲ್ಲ. ಮೇಸ್ತ್ರಿಗಳು ಮಟ್ಟ ನೋಡುವ ಲೆವೆಲ್ ಪೈಪ್ ತನ್ನಿ. ಯು ಆಕಾರದಲ್ಲಿ ಹಲಗೆಗೆ ಕಟ್ಟಿ ನೀರು ತುಂಬಿಸಿ. ಒಂದು ತುದಿಗೆ ಬ್ಲೋವರ್, ಇನ್ನೊಂದು ತುದಿ ತೆರೆದಿರಲಿ. ಎರಡು ಕಡೆಯ ನೀರಿನ ನಡುವಿನ ಎತ್ತರವೇ ಒತ್ತಡ.

ಈ ಪರೀಕ್ಷೆಯನ್ನು ಜನವರಿಯಲ್ಲಿ ಮುಗಿಸಿ ಕೈತೊಳೆದುಕೊಳ್ಳಬೇಡಿ. ಮೇ ತಿಂಗಳ ಕಲಬುರಗಿಯಲ್ಲಿ 40 ಡಿಗ್ರಿ ದಾಟುತ್ತದೆ. 20 ಡಿಗ್ರಿಗೆ ಹೋಲಿಸಿದರೆ 40ರಲ್ಲಿ ಗಾಳಿ ಶೇ 6ರಷ್ಟು ಹಗುರ. ಅದೇ ಒತ್ತಡಕ್ಕೆ ಮೋಟಾರ್ ಶೇ 3ರಷ್ಟು ಜಾಸ್ತಿ ಓಡಬೇಕು. ವೈಂಡಿಂಗ್ 50 ಡಿಗ್ರಿ ಬಿಸಿಯಾದರೆ ತಾಮ್ರದ ರೆಸಿಸ್ಟೆನ್ಸ್ ಸುಮಾರು ಶೇ 20 ಏರುತ್ತದೆ. ಎಫ್‌ಒಸಿ ಲೆಕ್ಕದಲ್ಲಿ ಹಳೆಯ ಅಂಕಿಯನ್ನೇ ಇಟ್ಟರೆ ಕಡಿಮೆ ವೇಗದಲ್ಲಿ ಮ್ಯಾಗ್ನೆಟ್ ಜಾಗದ ಅಂದಾಜು ತಪ್ಪುತ್ತದೆ. ಪರ್ಸಿ ಕಲ್ಲಿನ ದೂಳು, ದಾಲ್ ಮಿಲ್ ಹೊಟ್ಟು ಬೇರೆ. ಫಿಲ್ಟರ್ ಇಲ್ಲದೆ ಓಡಿಸಲೇಬೇಡಿ.

ಕೊನೆಗೆ, ಗಾಳಿ ಹೊರಬರುವ ಬಾಯಿಗೆ ಅಂಗೈ ಇಟ್ಟು ಮುಚ್ಚಿ ನೋಡಿ. ಕರೆಂಟ್ ಏರುತ್ತದೆ ಅಂದುಕೊಂಡಿರುತ್ತೀರಿ. ಇಳಿಯುತ್ತದೆ! ಗಾಳಿ ಹರಿಯದಿದ್ದರೆ ಈ ಬಗೆಯ ಬ್ಲೋವರ್‌ಗೆ ಕೆಲಸ ಕಡಿಮೆ. ಹಾಗಾಗಿ ಮೋಟಾರ್ ತಾಳ ತಪ್ಪಿದೆಯೇ ಎಂದು ಪತ್ತೆ ಹಚ್ಚುವ ಕೋಡ್ ಕರೆಂಟೊಂದನ್ನೇ ನಂಬಬಾರದು. ಬ್ಯಾಕ್ ಇಎಮ್‌ಎಫ್‌ನಿಂದ ಬಂದ ವೇಗ ಮತ್ತು ಒತ್ತಡದ ಸೆನ್ಸರ್ ಹೇಳುವುದು, ಎರಡನ್ನೂ ತಾಳೆ ನೋಡಬೇಕು. ಹೊಂದದಿದ್ದರೆ ಮೋಟಾರ್ ನಿಲ್ಲಿಸಿ, ಅಲಾರಂ ಹೊಡೆಸಿ, ಮತ್ತೆ ಮೂರನೆಯ ಹೆಜ್ಜೆಯಿಂದ ಶುರು ಮಾಡಬೇಕು.