ಕೌದಿ ಹೊಲಿಯುತ್ತಾ ಮಂಡೆಬಿಸಿ ಇಳಿಸಿದ್ದು: ನನ್ನ ಅನುಭವ

"ಹೊಲಿಗೆ ಕ್ಲಾಸಿಗೆಲ್ಲ ಮಾನಸಿಕ ಆರೋಗ್ಯದ ದುಡ್ಡು ಕೊಡೋಕಾಗಲ್ಲಮ್ಮ" ಅಂದಿದ್ದರು ನಾನಿದ್ದ ಸಂಸ್ಥೆಯ ಹಿರಿಯರೊಬ್ಬರು. ಮೂರು ವರ್ಷದ ಹಿಂದಿನ ಮಾತು. ಈಗ ಮೂರು ಊರಲ್ಲಿ ಕೌದಿ ಹೊಲಿಯುತ್ತಾ ಮನಸ್ಸಿನ ಕಷ್ಟ ಹೇಳಿಕೊಳ್ಳುವ ಗುಂಪು ನಡೆಯುತ್ತಿದೆ, ಯಾವ ಸಂಸ್ಥೆಯ ದುಡ್ಡೂ ಇಲ್ಲದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸಿದ್ದಿ ಹುಡುಗಿ, ಯಲ್ಲಾಪುರ ತಾಲೂಕಿನವಳು. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಊರಿಗೆ ಬಂದವಳು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಶಿಬಿರ. ಶಾಮಿಯಾನ, ಬ್ಯಾನರು, ಊಟ ಸೇರಿ 11 ಸಾವಿರದ ಹತ್ತಿರ ಹೋಯಿತು. ಬಂದವರು ಆರು ಜನ, ಅದರಲ್ಲಿ ಇಬ್ಬರಿಗೆ ಮೊಣಕಾಲು ನೋವು. ಬ್ಯಾನರಿನಲ್ಲಿ 'ಮಾನಸಿಕ' ಅಂತ ದಪ್ಪ ಅಕ್ಷರದಲ್ಲಿ ಬರೆಸಿದ್ದೆ. ಊರವರ ಕಿವಿಗೆ ಅದು 'ಹುಚ್ಚು' ಅಂತಲೇ ಬೀಳುತ್ತದೆ.

ಆಮೇಲೆ ಒಬ್ಬೊಬ್ಬರನ್ನೇ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ, ಅಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ನೋಡುವ ದಿನಕ್ಕೆ, ಕಳಿಸಿದೆ. ಮಾತ್ರೆ ಪುಕ್ಕಟೆ, ನಿಜ. ಆದರೆ ಬಸ್ಸು, ಊಟ, ತಪ್ಪಿದ ಕೂಲಿ ಲೆಕ್ಕ ಹಾಕಿದರೆ ಒಬ್ಬರಿಗೆ 600 ರೂಪಾಯಿ. ದುಡ್ಡಿಗಿಂತ ಜಾಸ್ತಿ ಪೆಟ್ಟು ಕೊಟ್ಟದ್ದು ಬೇರೆ. ನಮ್ಮ ಕಾಕಾ ಒಂದು ಆಸ್ಪತ್ರೆಯಲ್ಲಿ ಸಾಲಿನಲ್ಲಿ ನಿಂತು ಕೌಂಟರ್ ತಲುಪಿದಾಗ ಅಲ್ಲಿದ್ದವರು ಹೆಸರು ಕೇಳಲಿಲ್ಲ, "ಯಾವ ದೇಶ?" ಅಂತ ಕೇಳಿದರು. ನಮ್ಮ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದು ಶತಮಾನಗಳೇ ಆದವು. ಕಾಕಾ ಹುಟ್ಟಿದ್ದು, ಬೆಳೆದದ್ದು ಇದೇ ಕಾಡಿನಲ್ಲಿ. ಏನೂ ಹೇಳದೆ ಸಾಲು ಬಿಟ್ಟು ಬಂದರು. ಎಂಟು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಕೌದಿಯ ವಿಚಾರ ಹೊಳೆದದ್ದು ನಮ್ಮ ಮನೆ ಜಗಲಿಯಲ್ಲಿ. ಹಳೇ ಸೀರೆಯ ಮೇಲೆ ತುಂಡುಬಟ್ಟೆ ಜೋಡಿಸಿ, ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತಾ ನಡುವಿಗೆ ಬರುವ ಹೊಲಿಗೆ ಅದು. ವಾರಗಟ್ಟಲೆ ಹಿಡಿಯುತ್ತದೆ. ಕೈ ಓಡುತ್ತಿರುತ್ತದೆ, ಕಣ್ಣು ಬಟ್ಟೆಯ ಮೇಲೆ. ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಒಂದು ದಿನ ಪಕ್ಕದ ಮನೆ ಸೊಸೆ ಹಾಕಿದ ಹೊಲಿಗೆಯನ್ನೇ ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಮೂರು ಸಲ ಆಯಿತು. ನಮ್ಮವ್ವ ತಲೆ ಎತ್ತದೆ ಕೇಳಿದಳು, "ನಿದ್ದೆ ಬಿಟ್ಟು ಎಷ್ಟು ದಿನ ಆಯ್ತೇ?" ಆ ಹುಡುಗಿ ಸೂಜಿ ಕೆಳಗಿಟ್ಟು ಅತ್ತಳು. ನಾನು ಆರು ತಿಂಗಳು ಪ್ರಶ್ನಾವಳಿ ಹಿಡಿದು ತಿರುಗಿದರೂ ಬಾಯಿ ಬಿಡದವಳು ಅವಳು.

ಅಲ್ಲಿಂದ ಕೌದಿ ಗುಂಪು ನಡೆಸಲು ಊರಿಗೆ ಇಬ್ಬರು ಹಿರಿಯ ಹೆಂಗಸರನ್ನು ಆರಿಸಿದೆ. ತರಬೇತಿ ಎಂದರೆ ಏಳೆಂಟು ಮಧ್ಯಾಹ್ನ, ಅಷ್ಟೇ. ರೋಗದ ಹೆಸರು ಯಾವುದೂ ಹೇಳಿಕೊಡಲಿಲ್ಲ. 'ಮಂಡೆಬಿಸಿ' ಒಂದೇ ಸಾಕಾಯಿತು. ಜಿಂಬಾಬ್ವೆಯ ಹರಾರೆಯಲ್ಲಿ ಮನೋವೈದ್ಯ ಡಾ. ಡಿಕ್ಸನ್ ಚಿಬಾಂಡ 2006ರಲ್ಲಿ 14 ಅಜ್ಜಿಯರ ಜತೆ ಇಂಥದ್ದನ್ನೇ ಶುರು ಮಾಡಿದ್ದರು, ಮರದ ಬೆಂಚಿನ ಮೇಲೆ ಕೂತು. ಅವರ ಶೋನಾ ಭಾಷೆಯಲ್ಲಿ 'ಕುಫುಂಗಿಸಿಸ' ಅನ್ನುತ್ತಾರೆ, ವಿಚಾರ ಜಾಸ್ತಿಯಾಗುವುದು ಅಂತ. ಓದಿದಾಗ ಮೈ ಜುಂ ಅಂದಿತ್ತು. ಹಿರಿಯರು ಹೊರಟು ಬಂದ ಖಂಡದಲ್ಲೂ ನಮ್ಮದೇ ಮಾತು, ಅಲ್ವಾ!

ಮೊದಲು ಯಾವ ಪ್ರಶ್ನೆ ಕೇಳುತ್ತೇವೆ ಅಂತ ತುಂಬ ಜನ ಕೇಳಿದ್ದಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯೇ ಫಾರ್ಮ್ ಆಗುತ್ತದೆ. ಬಂದು ಜಗಲಿಯಲ್ಲಿ ಕೂತರೆ ಗೊತ್ತಾಗುತ್ತದೆ.

ಒಂದು ದೊಡ್ಡ ತಪ್ಪು ಮಾತ್ರ ಹೇಳಬೇಕು. ಮೊದಲ ಗುಂಪಿನಲ್ಲಿ ಅತ್ತೆ, ಸೊಸೆ ಒಟ್ಟಿಗೆ ಕೂತಿದ್ದರು. ಮಾತು ಹೊರಗೆ ಹೋಯಿತು. ಒಬ್ಬಳು ಬರುವುದನ್ನೇ ಬಿಟ್ಟಳು, ಮತ್ತೆ ಕರೆತರಲು ಎರಡು ತಿಂಗಳು ಬೇಕಾಯಿತು. ಈಗ ಒಂದೇ ಮನೆಯವರನ್ನು ಒಂದೇ ಗುಂಪಿನಲ್ಲಿ ಕೂರಿಸುವುದಿಲ್ಲ. ಸಾಯುವ ಮಾತು ಬಂದರೆ ಮಂಗಳವಾರಕ್ಕೆ ಕಾಯುವುದಿಲ್ಲ. ಅದೇ ದಿನ ಬೈಕಿನಲ್ಲಾದರೂ ಡಾಕ್ಟರ ಹತ್ತಿರ ಕರೆದೊಯ್ಯುತ್ತೇವೆ, ರಾತ್ರಿ ಒಬ್ಬರು ಜತೆಗೆ ಮಲಗುತ್ತಾರೆ.

ಕ್ಲಿನಿಕ್ಕಿಗೆ ಈಗ ಎಲ್ಲರೂ ಒಂದೇ ಜೀಪಿನಲ್ಲಿ ಹೋಗುತ್ತೇವೆ, ಬಾಡಿಗೆ 1,400ರ ಆಸುಪಾಸು. ವಾರಕ್ಕೆ ಹತ್ತು ರೂಪಾಯಿಯ ಡಬ್ಬಿ ಇದೆ, ಕೌದಿ ಮಾರಿದರೆ ಅದರಲ್ಲೂ ಒಂದು ಪಾಲು ಡಬ್ಬಿಗೆ. ಹತ್ತು ಜನ ಒಟ್ಟಿಗೆ ಸಾಲಿನಲ್ಲಿ ನಿಂತರೆ "ಯಾವ ದೇಶ?" ಅಂತ ಯಾರೂ ಕೇಳುವುದಿಲ್ಲ. ಕಾಕಾ ಕೂಡ ಬರುತ್ತಾರೆ.

ಗಂಡಸರಿಗಾಗಿ ನಮ್ಮ ಸಿದ್ದಿ ವಾದ್ಯ ಡಮಾಮಿ ಬಾರಿಸಿದ ಮೇಲೆ ಕೂರಿಸಿ ನೋಡಿದೆ. ಇಬ್ಬರು ಕುಡಿತದ ಬಗ್ಗೆ ಬಾಯಿಬಿಟ್ಟರು, ಉಳಿದವರು ಎದ್ದು ಹೋದರು. ಇನ್ನೂ ಕುದುರಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಒಳ್ಳೆಯದೇ, ಆದರೆ ನೆಟ್‌ವರ್ಕಿಗೆ ಗುಡ್ಡ ಹತ್ತಬೇಕು. ಗುಡ್ಡದ ಮೇಲೆ ನಿಂತು ಮನೆಯ ಕಷ್ಟ ಹೇಳಿಕೊಂಡರೆ ಕೆಳಗಿನ ಗದ್ದೆಯವರಿಗೆಲ್ಲ ಕೇಳುತ್ತದೆ.

ಎರಡು ವರ್ಷದಲ್ಲಿ ಅರವತ್ತು ಚಿಲ್ಲರೆ ಹೆಂಗಸರು ಕೂತಿದ್ದಾರೆ. ಸುಮಾರು 25 ಜನರನ್ನು ಡಾಕ್ಟರಿಗೆ ತೋರಿಸಿದೆವು, 17 ಜನ ಮಾತ್ರೆ ಬಿಡದೆ ಮುಂದುವರಿಸಿದರು. ಅತ್ತಿದ್ದಳಲ್ಲ, ಆ ಸೊಸೆ, ಈಗ ಒಂದು ಊರಿನ ಗುಂಪು ಅವಳದ್ದೇ.

ಮಳೆಗಾಲದಲ್ಲಿ ಜೀಪು ಒಳಗೆ ಬರುವುದಿಲ್ಲ. ಹೋದ ಸಲ ಜುಲೈಯಲ್ಲಿ ಮೂವರ ಮಾತ್ರೆ ತಪ್ಪಿತು. ಈ ಸಲ ಮೇ ಕೊನೆಗೇ ಡಾಕ್ಟರನ್ನು ಕೇಳಿ ಎರಡು ತಿಂಗಳ ಮಾತ್ರೆ ಬರೆಸಿಕೊಳ್ಳಬೇಕು. ಡಬ್ಬಿಯಲ್ಲಿ ಸದ್ಯ 2,300 ಇದೆ.