ಚರ್ಮದ ಹಳೆ ಕಾಯಿಲೆಗೆ ನಾಟಿ ಔಷಧಿ: ಹಚ್ಚುವ ಮುಂಚೆ, ಹಚ್ಚಿದ ಮೇಲೆ

ಸೋರಿಯಾಸಿಸ್ ಇರುವವರ ಮನೆಯ ಬೀರು ತೆಗೆದು ನೋಡಿ. ಚರ್ಮದ ಡಾಕ್ಟರು ಬರೆದುಕೊಟ್ಟ ಟ್ಯೂಬಿನ ಪಕ್ಕದಲ್ಲೇ ಹೊಂಗೆ ಎಣ್ಣೆ, ನೆಂಟರು ತಂದುಕೊಟ್ಟ ಕಷಾಯದ ಪುಡಿ, ಅರ್ಧ ಉಳಿದ ಹೋಮಿಯೋಪಥಿ ಗುಳಿಗೆ ಇರುತ್ತವೆ. ನಮ್ಮ ಮನೆಯಲ್ಲೂ ಹಾಗೇ ಇತ್ತು. ಹದಿನಾಲ್ಕು ವರ್ಷದಿಂದ ನನ್ನ ಮೊಣಕೈ, ಮೊಣಕಾಲು, ತಲೆಯಲ್ಲಿ ಈ ಕಾಯಿಲೆ ಇದೆ. ಬಿಟ್ಟು ಹೋಗದ ನವೆಗೆ ನಾಲ್ಕು ಕಡೆ ಮದ್ದು ಹುಡುಕುವವರನ್ನು ಬೈಯುವ ಮನಸ್ಸು ನನಗಿಲ್ಲ. ಏನೆಂದು ಗೊತ್ತಿಲ್ಲದ್ದನ್ನು, ಡಾಕ್ಟರಿಗೆ ಹೇಳದೆ ಹಚ್ಚಿಕೊಳ್ಳುತ್ತೇವಲ್ಲ, ನನಗೆ ಭಯ ಅದರದ್ದು.

ಏಳು ವರ್ಷದ ಹಿಂದೆ ಮಂಡ್ಯ ಕಡೆಯ ಒಂದು ಹಳ್ಳಿಯಲ್ಲಿ ಮುಲಾಮು ತಂದಿದ್ದೆ. ಬಿಳಿ ಪ್ಲಾಸ್ಟಿಕ್ ಡಬ್ಬಿ, ಮೇಲೆ ಚೀಟಿ ಇಲ್ಲ, ಮುಚ್ಚಳ ತೆಗೆದರೆ ಕರ್ಪೂರದ ವಾಸನೆ. ನಾಲ್ಕನೇ ದಿನಕ್ಕೆ ಹೊಟ್ಟು ಉದುರುವುದು ನಿಂತಿತು. ಎರಡು ವಾರಕ್ಕೆ ಮೊಣಕೈ ನುಣುಪಾಯಿತು. ಅಮ್ಮ ಚಾಮುಂಡಿ ಬೆಟ್ಟಕ್ಕೆ ಹೋಗಿ ಹರಕೆ ತೀರಿಸಿ ಬಂದರು. ಐದಾರು ಡಬ್ಬಿ ಆದಮೇಲೆ ನಿಲ್ಲಿಸಿದೆ. ಮೂರನೇ ವಾರಕ್ಕೆ ಹೊಟ್ಟೆ, ಬೆನ್ನು, ತೊಡೆಗೆಲ್ಲ ಕೆಂಪು ಹರಡಿತು. ಮುಲಾಮು ಕೊಟ್ಟವರಿಗೆ ಫೋನ್ ಮಾಡಿದರೆ, "ನಂಜು ಈಚೆಗ್ ಬತ್ತಾ ಅದೆ ಕಣವ್ವ, ಹೆದರ್ಬೇಡ" ಅಂದರು. ಚರ್ಮದ ಡಾಕ್ಟರು ನನ್ನ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುಲಾಮು ಹಚ್ಚಿದ ಜಾಗದ ಚರ್ಮ ಈರುಳ್ಳಿ ಪೊರೆಯಷ್ಟು ತೆಳ್ಳಗಾಗಿರುವುದನ್ನು ತೋರಿಸಿದರು. ಜೋರಾದ ಸ್ಟಿರಾಯ್ಡ್ (ನವೆ, ಕೆಂಪು ಬೇಗ ತಗ್ಗಿಸುವ ಇಂಗ್ಲಿಷ್ ಔಷಧಿ) ಬಹಳ ದಿನ ಹಚ್ಚಿದರೆ ಚರ್ಮ ಹೀಗಾಗುತ್ತದೆ, ತಟ್ಟನೆ ಬಿಟ್ಟರೆ ಸೋರಿಯಾಸಿಸ್ ಹೀಗೆ ಕೆರಳುತ್ತದೆ ಅಂದರು. ಆಮೇಲೆ ನಾನು ಕಲಿತ ಕ್ರಮ ಇದು.

ಮೊದಲು ಕಾಯಿಲೆಯ ಹೆಸರು ತಿಳಿಯಿರಿ

ಹುಳುಕಡ್ಡಿ, ಇಸುಬು, ಸೋರಿಯಾಸಿಸ್ ಮೂರೂ ಕೆಂಪಗೆ ಕಂಡು ನವೆಯಾಗಬಹುದು, ಆದರೆ ಮದ್ದು ಬೇರೆ ಬೇರೆ. ಹುಳುಕಡ್ಡಿಗೆ ಸ್ಟಿರಾಯ್ಡ್ ಮುಲಾಮು ಹಚ್ಚಿದರೆ ನವೆ ತಗ್ಗಿ, ಒಳಗೊಳಗೇ ಹರಡುತ್ತದೆ. ಬಿಳಿಚಿದ ಮಚ್ಚೆಯ ಮೇಲೆ ಮುಟ್ಟಿದರೆ ತಿಳಿಯದಿದ್ದರೆ ಅದನ್ನು ತೊನ್ನು ಎಂದುಕೊಂಡು ಮನೆಮದ್ದು ಮಾಡುತ್ತಾ ಕೂರಬೇಡಿ. ಅದು ಕುಷ್ಠದ ಮಚ್ಚೆ ಇರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ 6 ಅಥವಾ 12 ತಿಂಗಳ ಮಾತ್ರೆ ಉಚಿತ, ವಾಸಿಯೂ ಆಗುತ್ತದೆ. ಗದ್ದೆ ಬದುವಿನಲ್ಲಿ ಕಾಂಗ್ರೆಸ್ ಗಿಡ ಕೀಳುವವರಿಗೆ ಮುಖ, ಕತ್ತು, ಮೊಣಕೈ ಮಡಿಕೆಯಲ್ಲಿ ಇಸುಬು ಎದ್ದರೆ ಆ ಗಿಡದ ಸಂಗ ಬಿಡುವವರೆಗೆ ಯಾವ ಪದ್ಧತಿಯ ಔಷಧಿಯ ಗುಣವೂ ನಿಲ್ಲುವುದಿಲ್ಲ. ಗಾರೆ ಕೆಲಸದವರಿಗೆ ಸಿಮೆಂಟಿನದ್ದೂ ಇದೇ ಕಥೆ.

ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಎರಡರಲ್ಲೂ ಚರ್ಮರೋಗ ವಿಭಾಗವಿದೆ. ಒಂದು ಬೆಳಿಗ್ಗೆ ಸಾಲಿನಲ್ಲಿ ನಿಂತು ಕಾಯಿಲೆಯ ಹೆಸರು ಬರೆಸಿಕೊಂಡು ಬನ್ನಿ.

ಸೋರಿಯಾಸಿಸ್ ಎಂದಾದರೆ ಇಷ್ಟು ತಿಳಿದಿರಲಿ. ನಮ್ಮ ಚರ್ಮದ ಹೊರಪದರ ಹೊಸದಾಗಲು ಸುಮಾರು ಒಂದು ತಿಂಗಳು ಬೇಕು. ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಎಡವಿ, ಆ ಕೆಲಸ ಕೆಲವೇ ದಿನಗಳಲ್ಲಿ ನಡೆದುಹೋಗುತ್ತದೆ, ಹೊಟ್ಟು ಅದರಿಂದ. ಇದು ಅಂಟುವುದಿಲ್ಲ. ಎಷ್ಟೋ ಜನರಿಗೆ ಬಿಸಿಲುಗಾಲದಲ್ಲಿ ತಾನಾಗಿ ತಗ್ಗಿ, ಮಾಗಿಯಲ್ಲಿ ಏಳುತ್ತದೆ. ಹಾಗಾಗಿ ಫೆಬ್ರುವರಿಯಲ್ಲಿ ಏನು ಹಚ್ಚಿದ್ದರೋ ಅದಕ್ಕೇ ಹೆಸರು ಬರುತ್ತದೆ.

ಕೊಡುವವರು ಯಾರೆಂದು ಕೇಳಿ

ಆಯುರ್ವೇದ ಬೇಕೆಂದರೆ ಓದಿ ನೋಂದಾಯಿಸಿಕೊಂಡ ವೈದ್ಯರ ಬಳಿ ಹೋಗಿ. ಮೈಸೂರಿನಲ್ಲಿ ಅದಕ್ಕೆ ಬರವಿಲ್ಲ. ಇಲ್ಲಿನ ಸರ್ಕಾರಿ ಆಯುರ್ವೇದ ಕಾಲೇಜು 1908ರಷ್ಟು ಹಳೆಯದು, ಆಸ್ಪತ್ರೆಯೂ ಜೊತೆಗಿದೆ. ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆದುಕೊಡಿ ಎಂದು ಕೇಳಿ. ಬರೆಯಲೊಪ್ಪದವರ ಮದ್ದು ಬೇಡ. "ತೊನ್ನು ಗ್ಯಾರಂಟಿ ವಾಸಿ" ಎಂಬ ಜಾಹೀರಾತು ಕಂಡರೆ ಅಲ್ಲಿಗೇ ಬಿಡಿ. ಹಾಗೆ ಪ್ರಚಾರ ಮಾಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ.

ಡಬ್ಬಿ ಓದಿ

ಅಂಗಡಿಯ ಆಯುರ್ವೇದ ಔಷಧಿಯ ಮೇಲೆ ತಯಾರಕರ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ದಿನ, ಒಳಗಿರುವ ವಸ್ತುಗಳ ಪಟ್ಟಿ ಇರಬೇಕು. ಪಟ್ಟಿಯಲ್ಲಿ ಪಾದರಸ, ಗಂಧಕ, ಹರಿತಾಳ, ಯಾವುದಾದರೂ ಭಸ್ಮ ಕಂಡರೆ ವೈದ್ಯರ ಕಣ್ಗಾವಲಿನಲ್ಲಲ್ಲದೆ ಸೇವಿಸಬೇಡಿ. ಹರಿತಾಳದಲ್ಲಿ ಇರುವುದು ಆರ್ಸೆನಿಕ್. ಅದು ಬಹಳ ಕಾಲ ಮೈಗೆ ಸೇರಿದರೆ ಅಂಗೈ ಅಂಗಾಲಿನಲ್ಲಿ ಗಟ್ಟಿ ಗಂಟುಗಳೇಳುತ್ತವೆ. ಚರ್ಮಕ್ಕೆಂದು ತಿಂದದ್ದು ಚರ್ಮವನ್ನೇ ಕೆಡಿಸುತ್ತದೆ. ಅಂತರ್ಜಾಲದಲ್ಲಿ ಮಾರುವ 193 ಆಯುರ್ವೇದ ಔಷಧಿಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯಂತೆ, ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು.

ಇಂಗ್ಲಿಷ್ ಔಷಧಿ ಅಂಗಡಿಯ ಟ್ಯೂಬುಗಳಿಗೂ ಇದೇ ಎಚ್ಚರ ಬೇಕು. ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ಹೇಳಿದೆ. "ನವೆಗೆ ಒಂದು ಟ್ಯೂಬ್ ಕೊಡಿ" ಎಂದು ಕೇಳಿ ತರುವ ಅಭ್ಯಾಸ ಬಿಡಬೇಕು.

ಗಿಡಮೂಲಿಕೆ ಅಂದಮಾತ್ರಕ್ಕೆ ತಂಪಲ್ಲ

ಗ್ರಂಧಿಗೆ ಅಂಗಡಿಯಲ್ಲಿ ಕೇಳಿದರೆ ಬಾವಂಚಿ ಬೀಜ ಸುಲಭವಾಗಿ ಸಿಗುತ್ತದೆ. ಸಣ್ಣಗೆ, ಕಪ್ಪಗೆ, ಒತ್ತಿ ಉಜ್ಜಿದರೆ ಕೈಗೆ ವಾಸನೆ ಅಂಟುತ್ತದೆ. ತೊನ್ನಿಗೆ ಇದನ್ನು ಅರೆದು ಹಚ್ಚಿ ಬಿಸಿಲಿಗೆ ಕೂರುವುದು ಹಳೆಯ ಪದ್ಧತಿ. ಅದರಲ್ಲಿ ಹುರುಳಿದೆ: ಬೀಜದಲ್ಲಿರುವ ಸೊರಾಲೆನ್ ಚರ್ಮವನ್ನು ಬೆಳಕಿಗೆ ಸೂಕ್ಷ್ಮ ಮಾಡುತ್ತದೆ. ಆಸ್ಪತ್ರೆಗಳಲ್ಲಿ ತೊನ್ನು, ಸೋರಿಯಾಸಿಸ್‌ಗೆ ಅದೇ ಸೊರಾಲೆನ್ ಕೊಟ್ಟು, ಅಳೆದ ನೇರಳಾತೀತ ಬೆಳಕಿನಲ್ಲಿ ಸೆಕೆಂಡು ಲೆಕ್ಕ ಹಾಕಿ ನಿಲ್ಲಿಸುತ್ತಾರೆ. ಮನೆಯಂಗಳದ ಬಿಸಿಲಿಗೆ ಆ ಲೆಕ್ಕ ಇಲ್ಲ. ಹೆಚ್ಚು ಹೊತ್ತು ಕುಳಿತರೆ ಸುಟ್ಟ ಗಾಯದಂತೆ ಬೊಬ್ಬೆ ಏಳುತ್ತದೆ. ಹೊಟ್ಟೆಗೆ ತೆಗೆದುಕೊಂಡವರಲ್ಲಿ ಲಿವರ್ ಕೆಟ್ಟ ವರದಿಗಳೂ ಇವೆ.

ಎಕ್ಕದ ಹಾಲು, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರುಬೀಜದ ರಸ, ಜಜ್ಜಿದ ಬೆಳ್ಳುಳ್ಳಿ ಮೂರೂ ಚರ್ಮ ಸುಡುತ್ತವೆ. ಎಕ್ಕದ ಹಾಲು ಕಣ್ಣಿಗೆ ಹೋದರೆ ದೃಷ್ಟಿಗೇ ಕುತ್ತು. ನನ್ನ ಮಟ್ಟಿಗೆ ಇವಕ್ಕೆ ಮನೆಮದ್ದಿನಲ್ಲಿ ಜಾಗವಿಲ್ಲ. ಸ್ನಾನವಾಗಿ ಮೈ ಇನ್ನೂ ಹಸಿಯಿರುವಾಗ ಶುದ್ಧ ಕೊಬ್ಬರಿ ಎಣ್ಣೆ ಸವರುವುದನ್ನು ಮಾತ್ರ ಒಣ ಚರ್ಮದ ಎಲ್ಲರಿಗೂ ಧೈರ್ಯವಾಗಿ ಹೇಳುತ್ತೇನೆ.

ಒಳಮುಂಗೈಯಲ್ಲಿ ನೋಡಿ, ಪಟ ತೆಗೆಯಿರಿ

ಹೊಸ ಎಣ್ಣೆ, ಲೇಪ ಏನೇ ಇರಲಿ, ಕಾಯಿಲೆ ಇಲ್ಲದ ಒಳಮುಂಗೈಯಲ್ಲಿ ಎರಡು ರೂಪಾಯಿ ನಾಣ್ಯದಗಲ ಜಾಗಕ್ಕೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ. ಅಲರ್ಜಿ ಎರಡು ಮೂರು ದಿನ ತಡವಾಗಿ ಕಾಣಿಸುವುದುಂಟು. ಒಂದೇ ರಾತ್ರಿ ನೋಡಿ "ಏನೂ ಆಗಲಿಲ್ಲ" ಅನ್ನಬೇಡಿ. ಕೆಂಪಾದರೆ, ಉರಿದರೆ, ಗುಳ್ಳೆ ಎದ್ದರೆ ಅದು ನಿಮಗೆ ಒಗ್ಗದು. ನಂಜು ಈಚೆಗೆ ಬರುತ್ತಿದೆ ಎಂಬ ಮಾತನ್ನು ನಂಬಿ ಮುಂದುವರಿಸಬೇಡಿ.

ಒಗ್ಗಿತೆಂದರೆ ಹೊಸದು ಒಂದನ್ನೇ ಶುರು ಮಾಡಿ. ವಾರಕ್ಕೊಮ್ಮೆ ಅದೇ ಕಿಟಕಿಯ ಬಳಿ, ಅದೇ ಹೊತ್ತಿಗೆ, ಮಚ್ಚೆಯ ಪಕ್ಕ ಅದೇ ನಾಣ್ಯ ಇಟ್ಟು ಮೊಬೈಲಿನಲ್ಲಿ ಪಟ ತೆಗೆಯಿರಿ. ಕ್ಯಾಲೆಂಡರಿನಲ್ಲಿ ಹಚ್ಚಿದ್ದು, ನವೆ, ನಿದ್ದೆ ಬರೆದಿಡಿ. ಎಂಟು ವಾರ ಆದಮೇಲೆ ಪಟಗಳನ್ನು ಸಾಲಾಗಿ ನೋಡಿ. ನಾನು ಎರಡು ವರ್ಷ ಹೊಗಳುತ್ತಿದ್ದ ಒಂದು ತೈಲ ಏನೂ ಮಾಡಿರಲಿಲ್ಲ ಎಂದು ನನಗೆ ಗೊತ್ತಾದದ್ದು ಹೀಗೆ.

ಮಾತ್ರೆ, ಪಥ್ಯ

ನಾಟಿ ಔಷಧಿ ಶುರು ಮಾಡುವಾಗ "ಇಂಗ್ಲಿಷ್ ಮಾತ್ರೆ ಪೂರ್ತಿ ಬಿಡಿ" ಅನ್ನುವವರಿದ್ದಾರೆ. ಸೋರಿಯಾಸಿಸ್ ಇರುವವರು ಸ್ಟಿರಾಯ್ಡ್ ಮಾತ್ರೆಯನ್ನು ತಟ್ಟನೆ ಬಿಟ್ಟರೆ ಮೈಯೆಲ್ಲ ಕೀವುಗುಳ್ಳೆ ಏಳಬಹುದು. ಬಿಡಬೇಕಾದರೆ ಬರೆದುಕೊಟ್ಟ ಡಾಕ್ಟರೇ ಹಂತಹಂತವಾಗಿ ಇಳಿಸಬೇಕು. ಸೋರಿಯಾಸಿಸ್‌ಗೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಎಂಬ ಔಷಧಿ ತೆಗೆದುಕೊಳ್ಳುವವರ ಲಿವರ್ ಮೇಲೆ ಮೊದಲೇ ಭಾರವಿರುತ್ತದೆ, ರಕ್ತಪರೀಕ್ಷೆ ಮಾಡಿಸುತ್ತಿರುವುದು ಅದಕ್ಕೇ. ಅದರ ಮೇಲೆ ಅಮೃತಬಳ್ಳಿ ಕಷಾಯ ಬೇಡ. ಕೊರೊನಾ ಕಾಲದಲ್ಲಿ ಅದನ್ನು ದಿನಾ ಕುಡಿದ ಕೆಲವರಿಗೆ ಲಿವರ್ ಉರಿಯೂತವಾದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ.

ಬದನೆಕಾಯಿ, ಒಣಮೀನು ನಂಜು ಎಂದು ಬಿಟ್ಟರೆ ನಷ್ಟವಿಲ್ಲ. ಇಸುಬಿರುವ ಮಗುವಿಗೆ ಹಾಲು, ಮೊಟ್ಟೆ, ಬೇಳೆ ಎಲ್ಲವನ್ನೂ ನಿಲ್ಲಿಸಿ ಬರೀ ಗಂಜಿಯಲ್ಲಿ ಇಡುವುದನ್ನು ನೋಡಿದರೆ ಸಂಕಟವಾಗುತ್ತದೆ. ಮಕ್ಕಳ ಡಾಕ್ಟರನ್ನು ಕೇಳದೆ ಮಗುವಿನ ತಟ್ಟೆಯಿಂದ ಏನನ್ನೂ ತೆಗೆಯಬೇಡಿ.

ಕಾಯದೆ ಹೋಗಬೇಕಾದ ಹೊತ್ತು

ಮೈಯೆಲ್ಲ ಕೆಂಪಾಗಿ ಚಳಿ ನಡುಕ ಬಂದರೆ, ಕೀವುಗುಳ್ಳೆಯ ಜೊತೆ ಜ್ವರ ಬಂದರೆ, ಕಣ್ಣು ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬೆಳಿಗ್ಗೆ ಎದ್ದಾಗ ಬೆರಳ ಗಂಟು ಬಿಗಿದು ಊದಿದ್ದರೆ ಸೋರಿಯಾಸಿಸ್ ಕೀಲಿಗೆ ಇಳಿದಿರಬಹುದು, ತಡಮಾಡಿದರೆ ಬೆರಳು ಸೊಟ್ಟಗಾಗಬಹುದು.

ಹೋಗುವಾಗ ಬೀರುವಿನಲ್ಲಿರುವ ಎಲ್ಲ ಡಬ್ಬಿ, ಪುಡಿ, ಟ್ಯೂಬನ್ನೂ ಒಂದು ಕೈಚೀಲಕ್ಕೆ ಹಾಕಿಕೊಳ್ಳಿ. ಚೀಟಿ ಇಲ್ಲದ ಬಿಳಿ ಡಬ್ಬಿಯನ್ನೂ ಬಿಡಬೇಡಿ. "ಇದನ್ನೆಲ್ಲ ಹಚ್ಚಿದ್ದೀನಿ ಡಾಕ್ಟ್ರೇ" ಎಂದು ಮೇಜಿನ ಮೇಲೆ ಇಡಿ.