ಬಲ್ಬ್ ಮೊದಲು, ಲೆನ್ಸ್ ಕೊನೆಗೆ: ಯುಎನ್‌ಸಿ ನಾಣ್ಯ ಆರಿಸುವ ನನ್ನ ಅನುಭವ

ನಾಣ್ಯ ಯುಎನ್‌ಸಿ (ಚಲಾವಣೆಯಲ್ಲಿ ಸವೆಯದ್ದು) ಹೌದೋ ಅಲ್ಲವೋ ಅನ್ನೋದನ್ನ ಬರಿಗಣ್ಣಲ್ಲೇ, ಒಂದೇ ಬಲ್ಬಿನ ಕೆಳಗೆ ತೀರ್ಮಾನಿಸಬಹುದು, ಲೆನ್ಸ್ ಕೊನೆಗೆ ಸಾಕು ಎಂದಾಗ ಮಡಿಕೇರಿ, ವಿರಾಜಪೇಟೆ ಕಡೆಯ ಸಂಗ್ರಹಕಾರರು ಒಪ್ಪಿರಲಿಲ್ಲ. ಹೀಗೆ ಆರಿಸಿ ನಾನು ಗ್ರೇಡಿಂಗ್‌ಗೆ (ನಾಣ್ಯದ ಸ್ಥಿತಿಗೆ ಅಂಕ ಕೊಡುವಲ್ಲಿಗೆ) ಕಳಿಸಿದ ಏಳನೇ ಎಡ್ವರ್ಡ್ ಮತ್ತು ಐದನೇ ಜಾರ್ಜ್ ಬೆಳ್ಳಿ ರೂಪಾಯಿಗಳಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಎಂಟು 60ರ ಮೇಲೆ ಬಂದಿವೆ; 70ರ ಅಳತೆಯಲ್ಲಿ ಯುಎನ್‌ಸಿ ಶುರುವಾಗೋದು 60ರಿಂದ. ಈಗ ಅವರೇ ನಾಣ್ಯ ತಂದು ತೋರಿಸುತ್ತಾರೆ.

ಕೊಡಗಿನಲ್ಲಿ ದೊಡ್ಡ ತೊಡಕು ಬೆಳಕೇ. ಮಳೆಗಾಲದಲ್ಲಿ ಕಿಟಕಿಯಿಂದ ಬರುವ ಮೋಡದ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬೀಳುತ್ತದೆ. ಲಸ್ಟರ್ (ಅಚ್ಚೊತ್ತಿದಾಗಿನ ಮೂಲ ಹೊಳಪು) ಓಡುವುದೂ ಕಾಣದು, ಉಜ್ಜಿದ ಗೆರೆಯೂ ಕಾಣದು. ಟ್ಯೂಬ್‌ಲೈಟ್ ಕಥೆಯೂ ಅಷ್ಟೇ. ಮೊಬೈಲ್ ಟಾರ್ಚ್ ಸವೆದ ಬೆಳ್ಳಿಯನ್ನೂ ಮಿನುಗಿಸುತ್ತದೆ. ಸಾವಿರ ಚಿಲ್ಲರೆ ಕೊಟ್ಟ ರಿಂಗ್ ಲೈಟ್ ಫೋಟೋಗಷ್ಟೇ ಬಂತು. ಕೈಹಿಡಿದದ್ದು 60 ವ್ಯಾಟ್‌ನ ಹಳೇ ಹಾಲುಬಿಳಿ ತಂತಿ ಬಲ್ಬ್ ಮತ್ತು ಬಗ್ಗುವ ಟೇಬಲ್ ಲ್ಯಾಂಪ್. ಎರಡೂ ಸೇರಿ ನಾನೂರರ ಒಳಗೆ.

ಉಳಿದ ದೀಪ ಆರಿಸಿ, ಕಪ್ಪು ಬಟ್ಟೆ ಹಾಸಿ, ಬಲ್ಬಿನಿಂದ ಒಂದೂವರೆ ಅಡಿ ದೂರದಲ್ಲಿ ನಾಣ್ಯದ ಅಂಚು ಹಿಡಿದು ಓರೆಮಾಡಿ ನಿಧಾನಕ್ಕೆ ತಿರುಗಿಸಿ. ಬೆಳಕಿನ ಪಟ್ಟೆ ಗಾಡಿಚಕ್ರದ ಅರೆಗಳ ಹಾಗೆ ಸುತ್ತಬೇಕು. ಬರೀ ಹೊಳಪು ನೋಡಬೇಡಿ, ಪಟ್ಟೆ ಎಲ್ಲಿ ಕಡಿಯುತ್ತದೆ ಎಂದು ನೋಡಿ. ಎಡ್ವರ್ಡ್‌ನಲ್ಲಿ (1903–1910) ಕಿವಿಯ ಅಂಚು, ಕಿವಿ ಮೇಲಿನ ಕೂದಲು, ಗಡ್ಡ. ಜಾರ್ಜ್‌ನಲ್ಲಿ ಹುಬ್ಬು, ಮೀಸೆ, ಕಿರೀಟದ ಪಟ್ಟಿ, ನಿಲುವಂಗಿಯ ಆನೆ. ಅಲ್ಲಿ ಪಟ್ಟೆ ಸತ್ತು ಬೂದು ಬಣ್ಣ ಕಂಡರೆ ಅದು ಎಯು (ಯುಎನ್‌ಸಿಗಿಂತ ಒಂದು ಮೆಟ್ಟಿಲು ಕೆಳಗೆ, ಸ್ವಲ್ಪ ಸವೆದದ್ದು), ಮಾರುವವರು ಏನೇ ಹೇಳಲಿ. ಈ ಬೂದು ಚುಕ್ಕೆ ಒಂದರಿಂದಲೇ ಬೆಲೆ ಇಳಿಯುತ್ತದೆ. ಆನೆ ಹಂದಿಯಂತೆ ಕಾಣುವ 1911ರ ‘ಹಂದಿ ರೂಪಾಯಿ’ಯಲ್ಲಿ ಸೊಂಡಿಲು ಮೊಟಕಾಗಿರೋದು ಅಚ್ಚಿನಲ್ಲೇ. 1912ರಲ್ಲಿ ಅದನ್ನು ತಿದ್ದಿದರು. ಆ ಮೊಟಕು ಸೊಂಡಿಲನ್ನು ಸವೆತವೆಂದು ಎಣಿಸಬೇಡಿ.

ಹೆಚ್ಚು ಜನ ಎಡವೋದು ಅಚ್ಚು ಸರಿಯಾಗಿ ಕೂರದ ನಾಣ್ಯಗಳಲ್ಲಿ. ಕಿವಿ ಚಪ್ಪಟೆಯಾಗಿದ್ದರೂ ಅದರ ಮೇಲೆ ಪಟ್ಟೆ ಕಡಿಯದೆ ಹಾದುಹೋದರೆ ಅದು ಯುಎನ್‌ಸಿಯೇ. ಇಂಥವನ್ನು ಇಎಫ್ (ಎಯುಗಿಂತಲೂ ಕೆಳಗಿನ ದರ್ಜೆ) ಬೆಲೆಗೆ ಮಾರುತ್ತಾರೆ, ನಾನು ಅಲ್ಲೇ ಕಾಯುತ್ತೇನೆ. ಎರಡೂ ಬೆರೆತಾಗ, ಅಂದರೆ ಅಚ್ಚೂ ಕೂರದೆ ಸ್ವಲ್ಪ ಸವೆದೂ ಇದ್ದಾಗ, ನೋಡಬೇಕಾದ ಜಾಗ ಒಂದಿದೆ. ಅದು ಸದ್ಯ ನನ್ನ ಬಳಿಯೇ ಇರಲಿ.

ಆಮೇಲೆ ಲೆನ್ಸ್. ಏಳೆಂಟು ಪಟ್ಟು ಸಾಕು. 10 ಪಟ್ಟಿನದರಲ್ಲಿ ಪ್ರತಿ ಚೀಲದ ಗುರುತೂ ಗಾಯದಂತೆ ಕಂಡು ಗಾಬರಿಯಾಗುತ್ತದೆ. ಚೀಲದಲ್ಲಿ ನಾಣ್ಯಕ್ಕೆ ನಾಣ್ಯ ತಾಗಿ ಬಿದ್ದ ಗುರುತು ಗ್ರೇಡ್ ಇಳಿಸುತ್ತದೆಯೇ ಹೊರತು ಯುಎನ್‌ಸಿ ಪಟ್ಟ ಕಸಿಯುವುದಿಲ್ಲ. ಗೆರೆಗಳದ್ದು ಬೇರೆ ಲೆಕ್ಕ. ಉಬ್ಬಿದ ಗೆರೆ ಅಕ್ಷರದ ಬುಡಕ್ಕೆ ಬಂದು ನಿಂತರೆ ಅದು ಟಂಕಸಾಲೆಯಲ್ಲಿ ಅಚ್ಚು ಪಾಲಿಶ್ ಮಾಡಿದ್ದು. ತಗ್ಗಾದ ಗೆರೆ ಅಕ್ಷರವನ್ನೂ ದಾಟಿ ಹೋದರೆ ಯಾರೋ ಬಟ್ಟೆಯಲ್ಲಿ ಒರೆಸಿದ್ದು. ಡಿಪ್‌ನಲ್ಲಿ (ಕಪ್ಪು ತೆಗೆಯುವ ದ್ರಾವಣದಲ್ಲಿ) ಅತಿಯಾಗಿ ಅದ್ದಿದ ಬೆಳ್ಳಿ ಬೆಳ್ಳಗೇ ಇರುತ್ತದೆ, ಆದರೆ ಪಟ್ಟೆ ಸುತ್ತುವುದಿಲ್ಲ.

ನಮ್ಮ ಕಡೆ ಒಡವೆಯಿಂದ ಬಿಡಿಸಿದ ನಾಣ್ಯವೂ ಸಿಗುತ್ತದೆ. ಮುಖ ಎಷ್ಟೇ ಚೆನ್ನಾಗಿರಲಿ, ಮೊದಲು ಅಂಚು ನೋಡಿ. ತಲೆಯ ನೇರಕ್ಕೆ ಅಂಚಿನ ಗೀರುಗಳು ತುಂಬಿಹೋಗಿದ್ದರೆ ಅಲ್ಲಿ ಬೆಸುಗೆ ಇತ್ತು. ತೂಕ 11.66 ಗ್ರಾಂಗಿಂತ ಹೆಚ್ಚಿದ್ದರೂ ಅನುಮಾನಿಸಿ.

ಕೊಡಗಿನ ಅಡುಗೆಯ ಕಪ್ಪು ಹುಳಿ ಕಾಚಂಪುಳಿಯನ್ನೂ ಪರೀಕ್ಷಿಸಿದೆ, ಸವೆದ ಕಾಲಾಣೆಗಳ ಮೇಲೆ ಮಾತ್ರ. ಹನಿ ಹಾಕಿ ತೊಳೆದರೆ ತಾಮ್ರ ಮಾಸಲು ಗುಲಾಬಿಗೆ ತಿರುಗುತ್ತದೆ. ಟಂಕಸಾಲೆಯ ಕೆಂಪಿನಲ್ಲಿ ಇರುವ ಕಿತ್ತಳೆ ಛಾಯೆ ಅದರಲ್ಲಿ ಇರುವುದೇ ಇಲ್ಲ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಕಣ್ಣಿಗೆ ರೂಢಿ ಮಾಡಿಕೊಂಡರೆ ಹುಣಸೆಹುಳಿ, ನಿಂಬೆಯಲ್ಲಿ ತೊಳೆದ ತಾಮ್ರವೂ ದೂರದಿಂದಲೇ ತಿಳಿಯುತ್ತದೆ.

ಇನ್ನು ಉಳಿಸಿಕೊಳ್ಳುವ ಮಾತು. ಭಾಗಮಂಡಲದ ತೇವ ಕುಶಾಲನಗರದಲ್ಲಿ ಇಲ್ಲ, ಆದರೂ ಮೆತ್ತನೆಯ ಪಿವಿಸಿ ಫ್ಲಿಪ್ (ನಾಣ್ಯ ಇಡುವ ಪ್ಲಾಸ್ಟಿಕ್ ಲಕೋಟೆ) ಎರಡೂ ಕಡೆ ಬೇಡ. ಅದರ ಹಸಿರು ಅಂಟು ಹೊಸದಾಗಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಅದ್ದಿದರೆ ಹೋಗುತ್ತದೆ. ಉಜ್ಜಬೇಡಿ, ಬೆಂಕಿಯ ಹತ್ತಿರ ಮಾಡಬೇಡಿ. ರಬ್ಬರ್ ಬ್ಯಾಂಡ್ ಬೆಳ್ಳಿಯ ಮೇಲೆ ಕಪ್ಪು ಗೆರೆ ಬಿಡುತ್ತದೆ. ಮೈಲಾರ್ ಫ್ಲಿಪ್, ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ, ಇಷ್ಟಕ್ಕೆ ಡಬ್ಬಿಗೆ ಇನ್ನೂರೈವತ್ತು ಆಗಬಹುದು. ಪ್ರತಿ ಡಬ್ಬಿಯಲ್ಲೂ ಹೊಸ ಐದು ರೂಪಾಯಿಯ ಹಳದಿ ನಾಣ್ಯ ಒಂದನ್ನು ಬಿಚ್ಚಿಟ್ಟಿರುತ್ತೇನೆ. ಅದು ಮಂಕಾದರೆ ಜೆಲ್ ಬದಲಿಸುವ ಹೊತ್ತು.